ಬುದ್ಧಿಬಳದ ಜಗಜ್ಜಟ್ಟಿ ವಿಶ್ವನಾಥನ್ ಆನಂದ

ಚದುರಂಗದಾಟಕ್ಕೆ ನಮ್ಮ ಧಾರವಾಡದ ಕಡೆ ಬುದ್ಧಿಬಳ ಎಂಬ ಇನ್ನೊಂದು ಹೆಸರುಂಟು. ಮರಾಠಿಯ ನಂಟಿನಿಂದ ಬಂದ ಮಾತು ಅದು. ಕುಂದಗೋಳವು ಬಹುಕಾಲ ಜಮಖಂಡಿ ಸಂಸ್ಥಾನದ ಪಟವರ್ಧನರ ಆಳ್ವಿಕೆಯಲ್ಲಿದ್ದ ಊರಾದ್ದರಿಂದ ಇಂಥ ಮಾತುಗಳು ನಮ್ಮಲ್ಲಿ ಇನ್ನೂ ಬಾಳುತ್ತಿವೆ. ಬುದ್ಧಿಬಳ ಎಂಬ ಹೆಸರನ್ನು ಕೇಳಿದವರಿಗೆ ಬುದ್ಧಿ ಹೆಚ್ಚಾಗಿದ್ದವನು ಗೆಲ್ಲುತ್ತಾನೆ, ಕಡಿಮೆಯಿದ್ದವನು ಸೋಲುತ್ತಾನೆ ಎಂದು ತೋರುವುದು ಸಹಜ. ಮಾತು ಸುಳ್ಳಲ್ಲ, ಆದರೆ ಪೂರ್ತಿ ನಿಜವೂ ಅಲ್ಲ. ಬಹಳ ಎತ್ತರದ ಆಟದಲ್ಲಿ ಎದುರು-ಬದುರು ಕುಳಿತ ಇಬ್ಬರಿಗೂ ಬುದ್ಧಿ ಬೇಕಾದಷ್ಟು ಇರುತ್ತದೆ. ಅಲ್ಲಿ ತೂಕಕ್ಕೆ ಬರುವುದು ಬೇರೆಯೇ ಒಂದು ಬಲ. ನಿನ್ನೆ ಸೋತ ಮನುಷ್ಯ ಇವತ್ತು ಅದೇ ಕುರ್ಚಿಯ ಮೇಲೆ ಬಂದು ಕುಳಿತು, ಅದೇ ಎದುರಾಳಿಯ ಕೈ ಕುಲುಕಿ, ಮೊದಲ ಕಾಲಾಳನ್ನು ಮುಂದಕ್ಕೆ ನೂಕಬೇಕಾಗುತ್ತದೆ. ಆ ಬಲ ಯಾರಲ್ಲಿ ಎಷ್ಟಿದೆ ಎಂಬುದು ಅಲ್ಲಿ ಗೊತ್ತಾಗುತ್ತದೆ.

ಈ ಬಲವನ್ನು ನಮ್ಮ ಕಾಲದಲ್ಲಿ ಎಲ್ಲರಿಗಿಂತ ಹೆಚ್ಚಾಗಿ ತೋರಿಸಿಕೊಟ್ಟ ಭಾರತೀಯನೆಂದರೆ ವಿಶ್ವನಾಥನ್ ಆನಂದ. ಐದು ಸಲ ಜಗತ್ತಿನ ಚಾಂಪಿಯನ್ ಆದವರು ಎಂದು ಅವರನ್ನು ಎಲ್ಲರೂ ಬಲ್ಲರು. ಆ ಐದು ಗೆಲುವುಗಳ ನಡುವೆ ಎಂಥೆಂಥ ಸೋಲುಗಳಿದ್ದವು, ಅವನ್ನು ಅವರು ಹೇಗೆ ದಾಟಿದರು ಎಂಬುದೇ ಈ ಹೊತ್ತಿನ ನನ್ನ ವಿಷಯ.

ಮೊದಲು ಆಟದ ಮಾತು. ಚದುರಂಗ ನಮ್ಮದೇ ಆಟ. ಆನೆ, ಕುದುರೆ, ರಥ, ಕಾಲಾಳು ಎಂಬ ನಾಲ್ಕು ಅಂಗಗಳ ಸೇನೆಯೇ ಚತುರಂಗ. ಕಲ್ಯಾಣದ ಚಾಲುಕ್ಯ ಅರಸು ಮೂರನೆಯ ಸೋಮೇಶ್ವರ ಹನ್ನೆರಡನೆಯ ಶತಮಾನದಲ್ಲಿ ಬರೆದ 'ಮಾನಸೋಲ್ಲಾಸ'ದಲ್ಲಿ ಅರಸರ ವಿನೋದಗಳ ಸಾಲಿನಲ್ಲಿ ಈ ಆಟವೂ ಬಂದಿದೆ. ನಮ್ಮ ಊರಿನ ಶಂಭುಲಿಂಗೇಶ್ವರನ ಗುಡಿಯ ಕಂಬಗಳು ಯಾವ ಚಾಲುಕ್ಯರ ಕಾಲವನ್ನು ನೆನಪಿಗೆ ತರುತ್ತವೆಯೋ ಆ ಕಾಲದ ಮಾತೇ ಇದು. ಮುಂದೆ ಮೈಸೂರಿನ ಮುಮ್ಮಡಿ ಕೃಷ್ಣರಾಜ ಒಡೆಯರು ಕುದುರೆಯ ನಡೆಯನ್ನೇ ಹಿಡಿದು, ಅರವತ್ತನಾಲ್ಕು ಮನೆಗಳನ್ನೂ ಒಂದೊಂದೇ ಸಲ ಮುಟ್ಟಿ ಬರುವ ಸಮಸ್ಯೆಗಳನ್ನು ಬಿಡಿಸುವುದರಲ್ಲಿ ಹೆಸರಾದರು. ೧೮೩೧ರಲ್ಲಿ ಬ್ರಿಟಿಷರು ಆಡಳಿತವನ್ನು ಕಿತ್ತುಕೊಂಡ ಮೇಲೆ ಆ ದೊರೆಗೆ ರಾಜ್ಯವಾಳುವ ಕೆಲಸ ಉಳಿಯಲಿಲ್ಲ. ಹಾಸಿನ ಮೇಲಿನ ರಾಜ್ಯವನ್ನಾದರೂ ಯಾರೂ ಕಸಿದುಕೊಳ್ಳುವಂತಿರಲಿಲ್ಲ.

ಹೀಗೆ ನಮ್ಮಲ್ಲಿ ಹುಟ್ಟಿದ ಆಟ ಪರ್ಷಿಯಾ, ಅರಬ್ಬಸ್ಥಾನಗಳ ದಾರಿಯಿಂದ ಯುರೋಪಿಗೆ ಹೋಯಿತು. ಅಲ್ಲಿ ಹದಿನೈದನೆಯ ಶತಮಾನದ ಕೊನೆಯ ಹೊತ್ತಿಗೆ ಮಂತ್ರಿಗೆ ಉದ್ದನೆಯ ನಡೆ ಬಂತು, ಆಟದ ವೇಗ ಹೆಚ್ಚಿತು. ೧೮೮೬ರಲ್ಲಿ ಅಮೇರಿಕದಲ್ಲಿ ಸ್ಟೈನಿಟ್ಸ್ ಎಂಬವನು ಜುಕರ್‌ಟೋರ್ಟ್ ಎಂಬವನನ್ನು ಸೋಲಿಸಿ ಮೊದಲನೆಯ ವಿಶ್ವ ಚಾಂಪಿಯನ್ ಎನಿಸಿಕೊಂಡ. ನಮ್ಮ ಕುಂದಗೋಳದ ಸವಾಯಿ ಗಂಧರ್ವರು ಹುಟ್ಟಿದ ವರ್ಷವೂ ಅದೇ. ಅಲ್ಲಿಂದ ಮುಂದೆ ನೂರು ವರ್ಷಗಳ ಕಾಲ ಆ ಪಟ್ಟ ಯುರೋಪು-ಅಮೇರಿಕಗಳಲ್ಲೇ ತಿರುಗಾಡಿತು. ಎರಡನೆಯ ಮಹಾಯುದ್ಧದ ನಂತರವಂತೂ ಬಹುಮಟ್ಟಿಗೆ ಸೋವಿಯತ್ ದೇಶದವರ ಮನೆಯ ಆಸ್ತಿಯಾಯಿತು. ಆಟ ಹುಟ್ಟಿದ ನಾಡಿನವರು ದೂರದಿಂದ ನೋಡುವವರಾದರು.

ಮಧ್ಯದಲ್ಲಿ ಒಂದು ಮಿಂಚು ಹೊಳೆದದ್ದುಂಟು. ಪಂಜಾಬಿನ ಮೀರ್ ಸುಲ್ತಾನ್ ಖಾನ್ ಎಂಬವರು ತಮ್ಮ ಒಡೆಯರ ಜೊತೆ ವಿಲಾಯತಿಗೆ ಹೋಗಿ ೧೯೨೯, ೧೯೩೨, ೧೯೩೩ ಹೀಗೆ ಮೂರು ಸಲ ಬ್ರಿಟಿಷ್ ಚಾಂಪಿಯನ್ ಆದರು. ಕ್ಯಾಪಬ್ಲಾಂಕಾನಂಥ ಮಾಜಿ ವಿಶ್ವ ಚಾಂಪಿಯನ್ನನನ್ನೂ ಒಮ್ಮೆ ಸೋಲಿಸಿದರು. ಆದರೆ ಒಡೆಯರು ಊರಿಗೆ ಮರಳಿದಾಗ ಅವರೂ ಮರಳಿದರು, ಅಲ್ಲಿಗೆ ಆ ಕಥೆ ಮುಗಿಯಿತು. ಆಮೇಲೆ ೧೯೬೧ರಲ್ಲಿ ಮ್ಯಾನ್ಯುಯೆಲ್ ಆರನ್ ಅವರು ಇಂಟರ್‌ನ್ಯಾಷನಲ್ ಮಾಸ್ಟರ್ ಎಂಬ ಬಿರುದು ಪಡೆದ ಮೊದಲ ಭಾರತೀಯರಾದರು. ಅದಕ್ಕಿಂತ ಮೇಲಿನದು ಗ್ರ್ಯಾಂಡ್‌ಮಾಸ್ಟರ್ ಬಿರುದು. ಯಾರೋ ಮೆಚ್ಚಿ ಶಾಲು ಹೊದಿಸಿ ಕೊಡುವ ಬಿರುದಲ್ಲ ಅದು. ಬಲಿಷ್ಠರು ಕೂಡಿದ ಪಂದ್ಯಾವಳಿಗಳಲ್ಲಿ ಗೊತ್ತುಪಡಿಸಿದಷ್ಟು ಅಂಕಗಳನ್ನು ಮತ್ತೆ ಮತ್ತೆ ಗಳಿಸಿ, ಆಟದ ಅಳತೆಗೋಲಿನಲ್ಲಿ ೨೫೦೦ರ ಗೆರೆಯನ್ನು ಮುಟ್ಟಿದವರಿಗೆ ಮಾತ್ರ ಸಿಗುವಂಥದು. ೧೯೮೭ರ ವರೆಗೆ ಭಾರತದಲ್ಲಿ ಅದನ್ನು ಪಡೆದವರು ಒಬ್ಬರೂ ಇರಲಿಲ್ಲ.

ಆನಂದರು ಹುಟ್ಟಿದ್ದು ೧೯೬೯ರ ಡಿಸೆಂಬರ್ ೧೧ರಂದು, ತಮಿಳುನಾಡಿನ ಮೈಲಾಡುತುರೈಯಲ್ಲಿ. ಬೆಳೆದದ್ದು ಮದ್ರಾಸಿನಲ್ಲಿ. ತಂದೆ ರೈಲ್ವೆಯಲ್ಲಿ ದೊಡ್ಡ ಅಧಿಕಾರಿಗಳು. ಆಟ ಕಲಿಸಿದವರು ತಾಯಿ ಸುಶೀಲಾ ಅವರು. ಆರು ವರ್ಷದ ಹುಡುಗ ತಾಯಿಯ ಎದುರು ಕುಳಿತು ಕಾಯಿಗಳ ನಡೆ ಕಲಿತ. ಮುಂದೆ ತಂದೆಯವರ ಕೆಲಸದ ನಿಮಿತ್ತ ಮನೆಯವರೆಲ್ಲ ಕೆಲವು ಕಾಲ ಫಿಲಿಪ್ಪೀನ್ಸಿನ ಮನಿಲಾದಲ್ಲಿದ್ದರು. ಅಲ್ಲಿನ ಟೆಲಿವಿಷನ್ನಿನಲ್ಲಿ ಮಧ್ಯಾಹ್ನದ ಹೊತ್ತು ಚದುರಂಗದ ಒಂದು ಕಾರ್ಯಕ್ರಮ ಬರುತ್ತಿತ್ತು. ಕೊನೆಗೊಂದು ಸಮಸ್ಯೆ ಕೊಡುತ್ತಿದ್ದರು. ಮಗ ಶಾಲೆಗೆ ಹೋಗಿರುತ್ತಿದ್ದ. ತಾಯಿ ಅದನ್ನೆಲ್ಲ ಕಾಗದದ ಮೇಲೆ ಬರೆದಿಟ್ಟುಕೊಳ್ಳುವರು, ಸಂಜೆ ತಾಯಿ-ಮಗ ಕೂಡಿ ಬಿಡಿಸುವರು, ಉತ್ತರ ಕಳಿಸುವರು. ಸರಿಯುತ್ತರಕ್ಕೆ ಒಂದು ಪುಸ್ತಕ ಬಹುಮಾನ. ವಾರ ವಾರವೂ ಬಹುಮಾನ ಈ ಹುಡುಗನಿಗೇ ಬರತೊಡಗಿತು. ಕೊನೆಗೆ ಅವರು ಹುಡುಗನನ್ನು ಕರೆಸಿ, ಬೇಕಾದಷ್ಟು ಪುಸ್ತಕಗಳನ್ನು ಒಯ್ಯಿ, ಆದರೆ ಇನ್ನು ಉತ್ತರ ಕಳಿಸಬೇಡ ಎಂದರಂತೆ. ಆನಂದರೇ ಅನೇಕ ಸಲ ನಗುತ್ತ ಹೇಳಿಕೊಂಡ ಮಾತಿದು. ಕೇಳುವವರಿಗೆ ವಿನೋದ, ಆದರೆ ಇದರಲ್ಲಿ ಒಬ್ಬ ತಾಯಿಯ ಶ್ರದ್ಧೆ ಎಷ್ಟಿದೆ ನೋಡಿ. ಮಗನ ಬದಲು ತಾನು ಬಿಡಿಸಿ ಕೊಡಲಿಲ್ಲ. ಮಗ ಬರುವ ತನಕ ಸಮಸ್ಯೆಯನ್ನು ಕಾಪಾಡಿ ಇಟ್ಟಳು, ಅಷ್ಟೆ.

ಮದ್ರಾಸಿನಲ್ಲಿ ಸೋವಿಯತ್ ಸಾಂಸ್ಕೃತಿಕ ಕೇಂದ್ರದೊಳಗೆ ಮಿಖಾಯಿಲ್ ತಾಲ್ ಹೆಸರಿನ ಚದುರಂಗದ ಕ್ಲಬ್ಬು ಇತ್ತು. ಅಲ್ಲಿಯೇ ಈ ಹುಡುಗನ ಗರಡಿ. ಗಡಿಯಾರವಿಟ್ಟುಕೊಂಡು ಕೆಲವೇ ನಿಮಿಷಗಳಲ್ಲಿ ಆಟ ಮುಗಿಸುವುದು ಅಲ್ಲಿನ ರೂಢಿ. ಗೆದ್ದವನು ಕುಳಿತೇ ಇರಬೇಕು, ಸೋತವನು ಎದ್ದು ಸರದಿಯ ಕೊನೆಗೆ ಹೋಗಿ ನಿಲ್ಲಬೇಕು. ಎದ್ದರೆ ಮತ್ತೆ ಕೂಡ್ರುವುದಕ್ಕೆ ಬಹಳ ಹೊತ್ತು! ಆದ್ದರಿಂದ ಬೇಗ ಆಡುವುದು, ಬೇಗ ಗೆಲ್ಲುವುದು ಎರಡೂ ಕೂಡಿಯೇ ರೂಢಿಯಾದವು. ಮುಂದೆ ದೊಡ್ಡ ಪಂದ್ಯಗಳಲ್ಲಿ ಎದುರಾಳಿ ಎರಡು ತಾಸು ತಲೆ ಹಿಡಿದುಕೊಂಡು ಕುಳಿತರೆ, ಈ ತರುಣ ಅರ್ಧ ತಾಸಿನಲ್ಲಿ ತನ್ನ ನಡೆಗಳನ್ನೆಲ್ಲ ಮುಗಿಸಿ ಎದ್ದು ತಿರುಗಾಡುತ್ತಿದ್ದ. ಜಗತ್ತು ಬೆರಗಾಯಿತು. ಆ ವೇಗವೇ ಅವರ ಆಸ್ತಿ. ಅದೇ ಒಂದೆರಡು ಸಲ ಅವರ ಸಾಲವೂ ಆಯಿತೆಂಬುದನ್ನು ಮುಂದೆ ನೋಡುವಿರಿ.

೧೯೮೩ರಲ್ಲಿ ರಾಷ್ಟ್ರೀಯ ಸಬ್-ಜೂನಿಯರ್ ಪಂದ್ಯದಲ್ಲಿ ಒಂಬತ್ತಕ್ಕೆ ಒಂಬತ್ತು ಅಂಕ. ೧೯೮೬ರಲ್ಲಿ, ಹದಿನಾರರ ವಯಸ್ಸಿನಲ್ಲಿ, ಇಡೀ ದೇಶದ ಚಾಂಪಿಯನ್. ೧೯೮೭ರಲ್ಲಿ ಜಾಗತಿಕ ಜೂನಿಯರ್ ಚಾಂಪಿಯನ್. ಆ ಪಟ್ಟ ಗೆದ್ದ ಮೊದಲ ಭಾರತೀಯ. ಅದರ ಬೆನ್ನಿಗೇ, ಹದಿನೆಂಟು ತುಂಬುವ ಹೊತ್ತಿಗೆ, ಭಾರತದ ಮೊದಲ ಗ್ರ್ಯಾಂಡ್‌ಮಾಸ್ಟರ್. ಇಷ್ಟೆಲ್ಲದರ ನಡುವೆ ಓದನ್ನು ಬಿಡಲಿಲ್ಲ. ಮದ್ರಾಸಿನ ಲೊಯೋಲಾ ಕಾಲೇಜಿನಲ್ಲಿ ವಾಣಿಜ್ಯದ ಪದವಿ ಮುಗಿಸಿದರು. ಭಾರತ ಸರ್ಕಾರ ೧೯೯೧-೯೨ರಲ್ಲಿ ಖೇಲ್ ರತ್ನ ಪ್ರಶಸ್ತಿಯನ್ನು ಹೊಸದಾಗಿ ಏರ್ಪಡಿಸಿದಾಗ ಅದು ಮೊಟ್ಟಮೊದಲು ಸಂದದ್ದು ಕ್ರಿಕೆಟ್ ಆಟಗಾರನಿಗಲ್ಲ, ಹಾಕಿ ಆಟಗಾರನಿಗಲ್ಲ, ಮೌನವಾಗಿ ಕುಳಿತು ಆಡುವ ಈ ತರುಣನಿಗೆ.

ಅದೇ ಚಳಿಗಾಲದಲ್ಲಿ ಇಟಲಿಯ ರೆಜ್ಜೊ ಎಮಿಲಿಯಾ ಎಂಬ ಊರಿನ ಪಂದ್ಯಾವಳಿ. ಆಗಿನ ವಿಶ್ವ ಚಾಂಪಿಯನ್ ಗ್ಯಾರಿ ಕಾಸ್ಪರೋವ್, ಹಿಂದಿನ ಚಾಂಪಿಯನ್ ಅನತೋಲಿ ಕಾರ್ಪೋವ್ ಇಬ್ಬರೂ ಅಲ್ಲಿದ್ದರು. ಇಬ್ಬರನ್ನೂ ಹಿಂದಿಕ್ಕಿ ಆನಂದರು ಮೊದಲಿಗರಾದರು. ಇನ್ನು ಪಟ್ಟ ದೂರವಿಲ್ಲ ಎಂದು ಎಲ್ಲರಿಗೂ ತೋರಿತು. ಆದರೆ ಆ ಪಟ್ಟಕ್ಕೆ ಅವರು ಇನ್ನೂ ಒಂಬತ್ತು ವರ್ಷ ಕಾಯಬೇಕಾಯಿತು.

೧೯೯೩ರಲ್ಲಿ ಚದುರಂಗದ ಮನೆ ಎರಡಾಗಿತ್ತು. ಕಾಸ್ಪರೋವ್ ಮತ್ತು ಇಂಗ್ಲೆಂಡಿನ ನೈಜೆಲ್ ಶಾರ್ಟ್ ಇಬ್ಬರೂ ಅಂತರರಾಷ್ಟ್ರೀಯ ಸಂಸ್ಥೆಯಾದ ಫಿಡೆಯಿಂದ ಹೊರಬಂದು ತಮ್ಮದೇ ಒಂದು ಸಂಘ ಕಟ್ಟಿಕೊಂಡಿದ್ದರು. ಅಣ್ಣ-ತಮ್ಮಂದಿರು ಪಾಲಾದಾಗ ಮನೆದೇವರ ಪೂಜೆ ಎರಡು ಕಡೆ ನಡೆಯುವಂತೆ, ಜಗತ್ತಿಗೆ ಇಬ್ಬರು ಚಾಂಪಿಯನ್ನರು. ೧೯೯೫ರ ಸೆಪ್ಟೆಂಬರಿನಲ್ಲಿ ಕಾಸ್ಪರೋವನ ಎದುರು ಆನಂದರು ಕುಳಿತರು. ಸ್ಥಳ ನ್ಯೂಯಾರ್ಕಿನ ವರ್ಲ್ಡ್ ಟ್ರೇಡ್ ಸೆಂಟರಿನ ೧೦೭ನೆಯ ಅಂತಸ್ತು. ಮೊದಲ ಎಂಟು ಆಟಗಳೂ ಸಮ. ಒಂಬತ್ತನೆಯದನ್ನು ಆನಂದರು ಗೆದ್ದರು. ದೇಶದಲ್ಲೆಲ್ಲ ಸಂತೋಷ. ಆದರೆ ಹತ್ತನೆಯ ಆಟಕ್ಕೆ ಕಾಸ್ಪರೋವ್ ಮನೆಯಿಂದಲೇ ಒಂದು ಅಸ್ತ್ರ ಮಸೆದುಕೊಂಡು ಬಂದಿದ್ದ. ಒಂದು ಆನೆಯನ್ನೇ ಬಲಿ ಕೊಡುವ ಯೋಜನೆ ಅದು. ಎದುರಾಳಿ ತಾಸುಗಟ್ಟಲೆ ಯೋಚಿಸಬೇಕಾದಲ್ಲಿ ಅವನು ಚಕಚಕನೆ ಆಡಿ ಗೆದ್ದ. ಹನ್ನೊಂದನೆಯದರಲ್ಲಿ ತಾನು ಎಂದೂ ಹೆಚ್ಚಾಗಿ ಆಡದಿದ್ದ ಒಂದು ಪದ್ಧತಿಯನ್ನು ಹೊರತೆಗೆದು ಮತ್ತೆ ಗೆದ್ದ. ಹತ್ತರಿಂದ ಹದಿನಾಲ್ಕರ ವರೆಗಿನ ಐದು ಆಟಗಳಲ್ಲಿ ಆನಂದರು ನಾಲ್ಕನ್ನು ಸೋತರು. ಕೊನೆಯ ಲೆಕ್ಕ ಹತ್ತೂವರೆಗೆ ಏಳೂವರೆ.

ಇಪ್ಪತ್ತೈದು ವರ್ಷದ ತರುಣ ಕಲಿತದ್ದೇನು? ಹಾಸಿನ ಮುಂದೆ ಕುಳಿತಾಗ ಹೊಳೆಯುವ ಜಾಣತನವೊಂದೇ ಸಾಲದು. ಕುಳಿತುಕೊಳ್ಳುವ ಮುಂಚೆ ತಿಂಗಳುಗಟ್ಟಲೆ ಮಾಡುವ ಸಿದ್ಧತೆಯೇ ಅರ್ಧ ಗೆಲುವು. ನಮ್ಮ ಎರೆಹೊಲದ ಒಕ್ಕಲಿಗರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಮಳೆ ಬಿದ್ದ ದಿನ ಬಿತ್ತುವವನು ಬೇಸಿಗೆಯಲ್ಲೇ ಹೊಲ ಹರಗಿ ಇಟ್ಟಿರುತ್ತಾನೆ.

ಎರಡನೆಯ ಪೆಟ್ಟು ಇನ್ನೂ ಕಹಿ. ೧೯೯೭ರ ಡಿಸೆಂಬರಿನಲ್ಲಿ ಹಾಲೆಂಡಿನ ಗ್ರೋನಿಂಗೆನ್ನಿನಲ್ಲಿ ಫಿಡೆಯ ಪಂದ್ಯಾವಳಿ ನಡೆಯಿತು. ಸೋತವರು ಮನೆಗೆ, ಗೆದ್ದವರು ಮುಂದಕ್ಕೆ ಎಂಬ ಪದ್ಧತಿ. ಆನಂದರು ಒಬ್ಬೊಬ್ಬರನ್ನಾಗಿ ಸೋಲಿಸುತ್ತ, ವಿಶ್ರಾಂತಿಯಿಲ್ಲದೆ ತಿಂಗಳು ಪೂರ್ತಿ ಆಡಿ ಗೆದ್ದರು. ಗೆದ್ದವರಿಗೆ ಸಿಕ್ಕದ್ದು ಪಟ್ಟವಲ್ಲ. ಕಾರ್ಪೋವನ ಎದುರು ಆಡುವ ಹಕ್ಕು. ಕಾರ್ಪೋವನನ್ನು ನೇರವಾಗಿ ಕೊನೆಯ ಸುತ್ತಿಗೇ ಇಟ್ಟಿದ್ದರು. ಆತ ಆರಾಮವಾಗಿ ಕಾದು ಕುಳಿತಿದ್ದ. ಗ್ರೋನಿಂಗೆನ್ನಿನ ಆಟ ಮುಗಿದ ಎರಡು-ಮೂರು ದಿನಗಳಲ್ಲೇ ಸ್ವಿಜರ್ಲೆಂಡಿನ ಲೊಸಾನ್ನಿನಲ್ಲಿ ಅಂತಿಮ ಪಂದ್ಯ. ದಣಿದ ಮೈಯಲ್ಲೇ ಆಡಿದ ಆನಂದರು ಆರು ಆಟಗಳ ಕೊನೆಗೆ ಮೂರು-ಮೂರು ಸಮ ಮಾಡಿದರು. ಆಮೇಲಿನ ವೇಗದ ಆಟಗಳೆರಡನ್ನೂ ಸೋತರು. ವೇಗದಾಟದಲ್ಲಿ ಜಗತ್ತೇ ಹೆದರುತ್ತಿದ್ದ ಮನುಷ್ಯ ವೇಗದಾಟದಲ್ಲೇ ಸೋತದ್ದು ವಿಧಿಯ ವಿನೋದ. ಏರ್ಪಾಟಿನಲ್ಲಿ ನ್ಯಾಯವಿರಲಿಲ್ಲ ಎಂದು ಬಹುಜನ ಆಡಿಕೊಂಡರು. ಆದರೆ ಚದುರಂಗದಲ್ಲಿ ಲೆಕ್ಕಕ್ಕೆ ಬರುವುದು ಅಂಕ ಮಾತ್ರ.

ಅಂತರಂಗ ಗಟ್ಟಿಯಿಲ್ಲದವರು ಇಲ್ಲಿಗೆ ಕೈಚೆಲ್ಲುತ್ತಾರೆ. ಒಳ್ಳೆಯ ಆಟಗಾರ, ಆದರೆ ಕಟ್ಟಕಡೆಯ ಘಳಿಗೆಯಲ್ಲಿ ಧೈರ್ಯ ಸಾಲದು ಎಂಬ ಮಾತು ಆಗಲೇ ಹುಟ್ಟಿಕೊಂಡಿತ್ತು. ಆನಂದರು ಅದಕ್ಕೆ ಬಾಯಿಂದ ಉತ್ತರ ಕೊಡಲಿಲ್ಲ. ೨೦೦೦ದ ನವೆಂಬರಿನಲ್ಲಿ ದಿಲ್ಲಿಯಲ್ಲಿ ಪಂದ್ಯಾವಳಿ ಆರಂಭವಾಯಿತು. ಅಂತಿಮ ಸುತ್ತು ಟೆಹರಾನಿನಲ್ಲಿ. ಅಲ್ಲಿ ಅಲೆಕ್ಸಿ ಶಿರೋವ್ ಎಂಬ ಬಿರುಸಿನ ಆಟಗಾರನನ್ನು ಮೂರೂವರೆಗೆ ಅರ್ಧ ಅಂಕದಿಂದ ಸೋಲಿಸಿ ಫಿಡೆಯ ವಿಶ್ವ ಚಾಂಪಿಯನ್ ಆದರು. ಒಂದು ಕಾಲಕ್ಕೆ ಭಾರತದಿಂದ ಪರ್ಷಿಯಾಕ್ಕೆ ಹೋದ ಆಟ. ಈಗ ದಿಲ್ಲಿಯಿಂದ ಟೆಹರಾನಿಗೆ ಹೋಗಿ ಪಟ್ಟ ತಂದ ಭಾರತೀಯ. ಇತಿಹಾಸ ಒಮ್ಮೊಮ್ಮೆ ಹೀಗೂ ಸುತ್ತಿ ಬರುತ್ತದೆ.

ಅಷ್ಟಕ್ಕೂ ಸಂದೇಹದ ಬಾಯಿ ಮುಚ್ಚಲಿಲ್ಲ. ಮನೆ ಎರಡಾಗಿತ್ತಷ್ಟೆ. ಆ ಕಡೆಯ ಪಟ್ಟವನ್ನು ರಷ್ಯದ ವ್ಲಾದಿಮಿರ್ ಕ್ರಾಮ್ನಿಕ್ ಅದೇ ೨೦೦೦ದಲ್ಲಿ ಕಾಸ್ಪರೋವನಿಂದ ಗೆದ್ದುಕೊಂಡಿದ್ದ. ಇದು ಅರ್ಧ ಪಟ್ಟ ಎಂದರು ಕೆಲವರು. ೨೦೦೬ರಲ್ಲಿ ಎರಡೂ ಮನೆಗಳು ಒಂದಾದವು. ೨೦೦೭ರ ಏಪ್ರಿಲ್ ತಿಂಗಳಲ್ಲಿ ಜಗತ್ತಿನ ಶ್ರೇಣಿಯಲ್ಲಿ ಆನಂದರು ಮೊದಲನೆಯವರಾದರು. ಸೆಪ್ಟೆಂಬರಿನಲ್ಲಿ ಮೆಕ್ಸಿಕೊ ನಗರದಲ್ಲಿ ಎಂಟು ಮಂದಿ ಸೇರಿ ಆಡಿದ ಪಂದ್ಯದಲ್ಲಿ ಹದಿನಾಲ್ಕು ಆಟಗಳಿಗೆ ಒಂಬತ್ತು ಅಂಕ ಗಳಿಸಿ, ಒಂದನ್ನೂ ಸೋಲದೆ, ಒಂದಾದ ಮನೆಯ ಯಜಮಾನರಾದರು. ಆಗಲೂ ಒಂದು ಆಕ್ಷೇಪ: ಪಟ್ಟವನ್ನು ಎಂಟು ಮಂದಿಯ ಗುಂಪಿನಲ್ಲಿ ಗೆಲ್ಲುವುದಲ್ಲ, ಒಬ್ಬರ ಎದುರಿಗೊಬ್ಬರು ಕುಳಿತು ಗೆಲ್ಲಬೇಕು!

ಹಾಗಾದರೆ ಆಗಲಿ ಎಂಬಂತೆ ೨೦೦೮ರ ಅಕ್ಟೋಬರಿನಲ್ಲಿ ಜರ್ಮನಿಯ ಬಾನ್ ನಗರದಲ್ಲಿ ಕ್ರಾಮ್ನಿಕ್‌ನ ಎದುರು ಕುಳಿತರು. ಇಲ್ಲಿ ನ್ಯೂಯಾರ್ಕಿನ ಪಾಠ ಫಲ ಕೊಟ್ಟಿತು. ಆನಂದರು ಸಾಮಾನ್ಯವಾಗಿ ರಾಜನ ಮುಂದಿನ ಕಾಲಾಳನ್ನು ಎರಡು ಮನೆ ನಡೆಸಿ ಆಟ ತೊಡಗುವವರು. ಎದುರಾಳಿ ಅದಕ್ಕೇ ಸಿದ್ಧನಾಗಿ ಬಂದಿದ್ದ. ಇವರು ಮಂತ್ರಿಯ ಮುಂದಿನ ಕಾಲಾಳನ್ನು ನಡೆಸಿದರು! ಇಷ್ಟೇ ಒಂದು ಬದಲಾವಣೆಗೆ ಎದುರಾಳಿಯ ತಿಂಗಳುಗಟ್ಟಲೆಯ ಸಿದ್ಧತೆಯಲ್ಲಿ ಬಹುಭಾಗ ನೀರಿನಲ್ಲಿ ಹೋಮವಾಯಿತು. ಮೂರನೆಯ ಆಟ, ಐದನೆಯ ಆಟ ಎರಡನ್ನೂ ಕರಿಯ ಕಾಯಿಗಳಿಂದಲೇ ಗೆದ್ದರು. ಕರಿಯ ಕಾಯಿಯವನು ಯಾವಾಗಲೂ ಒಂದು ನಡೆ ಹಿಂದೆ. ಅದರಿಂದ ಗೆಲ್ಲುವುದು ಏರಿನಲ್ಲಿ ಚಕ್ಕಡಿ ಓಡಿಸಿ ಮುಂದಾದಂತೆ. ಆರನೆಯದನ್ನೂ ಗೆದ್ದರು. ಒಂದನ್ನು ಸೋತರೂ ಕೊನೆಗೆ ಆರೂವರೆಗೆ ನಾಲ್ಕೂವರೆಯಿಂದ ಪಟ್ಟ ಉಳಿಯಿತು. ಇನ್ನು ಯಾರೂ ಏನೂ ಹೇಳುವಂತಿರಲಿಲ್ಲ.

೨೦೧೦ರ ಕಥೆಯಂತೂ ಯಾವ ಕಾದಂಬರಿಗೂ ಕಡಿಮೆಯಲ್ಲ. ಎದುರಾಳಿ ಬಲ್ಗೇರಿಯದ ವೆಸೆಲಿನ್ ತೊಪಾಲೊವ್. ಆಟ ಅವನ ದೇಶದ ಸೋಫಿಯಾದಲ್ಲೇ. ಹೊರಡುವ ಹೊತ್ತಿಗೆ ಐಸ್‌ಲೆಂಡಿನಲ್ಲಿ ಜ್ವಾಲಾಮುಖಿಯೊಂದು ಸಿಡಿದು ಬೂದಿ ಆಕಾಶವನ್ನೆಲ್ಲ ತುಂಬಿತು. ಯುರೋಪಿನ ವಿಮಾನಗಳೆಲ್ಲ ನೆಲದ ಮೇಲೆ. ಫ್ರಾಂಕ್‌ಫರ್ಟಿನಲ್ಲಿ ಸಿಕ್ಕಿಬಿದ್ದ ಆನಂದರು ಮೂರು ದಿನ ಮುಂದೂಡಿ ಎಂದು ಬೇಡಿದರು. ಒಂದೇ ದಿನ ಸಿಕ್ಕಿತು. ಪತ್ನಿ ಅರುಣಾ ಅವರೊಡನೆ, ಸಂಗಡಿಗರೊಡನೆ ಮೋಟಾರಿನಲ್ಲೇ ಹೊರಟು, ಸುಮಾರು ನಲವತ್ತು ತಾಸು ನಾಲ್ಕಾರು ದೇಶಗಳ ದಾರಿ ಸವೆಸಿ ಸೋಫಿಯಾ ಮುಟ್ಟಿದರು. ಮೊದಲ ಆಟದಲ್ಲೇ ಸೋಲು. ಎರಡನೆಯದರಲ್ಲೇ ಸಮ ಮಾಡಿದರು, ನಾಲ್ಕನೆಯದರಲ್ಲಿ ಮುಂದಾದರು, ಎಂಟನೆಯದರಲ್ಲಿ ಸೋತು ಮತ್ತೆ ಸಮ. ಹನ್ನೊಂದು ಆಟಗಳಾದ ಮೇಲೂ ಇಬ್ಬರಿಗೂ ಐದೂವರೆ. ಹನ್ನೆರಡನೆಯದು ಕೊನೆಯದು, ಆನಂದರಿಗೆ ಕರಿಯ ಕಾಯಿ. ಸಮವಾದರೆ ವೇಗದಾಟಕ್ಕೆ ಹೋಗಬೇಕು. ಅಲ್ಲಿ ಆನಂದರನ್ನು ಹಿಡಿಯುವುದು ಕಷ್ಟವೆಂದು ತೊಪಾಲೊವನಿಗೆ ಗೊತ್ತು. ಆದ್ದರಿಂದ ಇಲ್ಲೇ ಗೆಲ್ಲಬೇಕೆಂದು ಅತಿಯಾಗಿ ಮುನ್ನುಗ್ಗಿದ. ಆನಂದರು ಕಾದರು. ಬಾಗಿಲು ತೆರೆದ ಕೂಡಲೇ ಒಳನುಗ್ಗಿದರು. ಮೇ ೧೧ರಂದು ಪಟ್ಟ ಉಳಿಯಿತು. ಮದ್ರಾಸಿನ ಕ್ಲಬ್ಬಿನಲ್ಲಿ ಕಲಿತ ವೇಗ ಅಂದು ಆಡದೆಯೇ ಗೆಲ್ಲಿಸಿತೆನ್ನಬಹುದು. ಆ ವೇಗದ ಭಯವೇ ಎದುರಾಳಿಯನ್ನು ಕೆಡಿಸಿತು.

೨೦೧೨ರಲ್ಲಿ ಮಾಸ್ಕೋದಲ್ಲಿ ಇಸ್ರೇಲಿನ ಬೋರಿಸ್ ಗೆಲ್ಫಾಂಡ್ ಎದುರಾಳಿ. ಏಳನೆಯ ಆಟವನ್ನು ಸೋತ ಆನಂದರು ಎಂಟನೆಯದನ್ನು ಬರೀ ಹದಿನೇಳು ನಡೆಗಳಲ್ಲಿ ಗೆದ್ದರು. ಹನ್ನೆರಡು ಆಟಗಳ ಮೇಲೆ ಆರು-ಆರು. ವೇಗದಾಟದಲ್ಲಿ ಎರಡೂವರೆಗೆ ಒಂದೂವರೆ. ಹೀಗೆ ಐದನೆಯ ಸಲ ವಿಶ್ವ ಚಾಂಪಿಯನ್.

ಏರಿದ ಸೂರ್ಯ ಇಳಿಯಲೇಬೇಕಷ್ಟೆ. ೨೦೧೩ರ ನವೆಂಬರಿನಲ್ಲಿ, ತಾವು ಬೆಳೆದ ಚೆನ್ನೈ ನಗರದಲ್ಲೇ, ನಾರ್ವೆಯ ಮ್ಯಾಗ್ನಸ್ ಕಾರ್ಲ್‌ಸನ್ ಎಂಬ ಇಪ್ಪತ್ತೆರಡರ ತರುಣನ ಎದುರು ನಲವತ್ಮೂರರ ಆನಂದರು ಕುಳಿತರು. ಹತ್ತು ಆಟಗಳಲ್ಲಿ ಒಂದನ್ನೂ ಗೆಲ್ಲಲಾಗಲಿಲ್ಲ, ಆರೂವರೆಗೆ ಮೂರೂವರೆ. ತನ್ನ ಜನರ ಕಣ್ಣೆದುರಿಗೇ ಕಿರೀಟ ಇಳಿಯಿತು. ಇನ್ನು ನಿವೃತ್ತಿ ಎಂದು ಪತ್ರಿಕೆಗಳಲ್ಲಿ ಮಾತು ಎದ್ದಿತು. ನಾಲ್ಕು ತಿಂಗಳಲ್ಲೇ, ೨೦೧೪ರ ಮಾರ್ಚಿನಲ್ಲಿ, ಸೈಬೀರಿಯಾದ ಖಾಂತಿ-ಮಾನ್ಸಿಸ್ಕ್ ಎಂಬಲ್ಲಿ ಅರ್ಹತೆಯ ಪಂದ್ಯಾವಳಿಗೆ ಹೋಗಿ, ಒಂದೂ ಆಟ ಸೋಲದೆ ಗೆದ್ದು, ಮತ್ತೆ ಅದೇ ಕಾರ್ಲ್‌ಸನ್ನನ ಎದುರು ಆಡುವ ಹಕ್ಕನ್ನು ಸಂಪಾದಿಸಿದರು. ಆ ವರ್ಷ ಸೋಚಿಯಲ್ಲಿ ಆರನೆಯ ಆಟ ನಡೆದಿತ್ತು. ಕಾರ್ಲ್‌ಸನ್ ರಾಜನನ್ನು ತಪ್ಪು ಮನೆಗೆ ನಡೆಸಿದ. ಗೆಲುವು ತಟ್ಟೆಯಲ್ಲಿ ಬಂದಂತಿತ್ತು. ಆನಂದರು ಒಂದೇ ನಿಮಿಷದೊಳಗೆ ತಮ್ಮ ಮೊದಲಿನ ಎಣಿಕೆಯಂತೆ ಕಾಲಾಳನ್ನು ನೂಕಿಬಿಟ್ಟರು. ಎರಡು ನಿಮಿಷ ತಡೆದಿದ್ದರೆ ಕಾಣುತ್ತಿತ್ತು. ಆ ಆಟವನ್ನೇ ಸೋತರು. ಪಂದ್ಯವನ್ನೂ ಆರೂವರೆಗೆ ನಾಲ್ಕೂವರೆಯಿಂದ ಸೋತರು. ಆಸ್ತಿಯಾದ ವೇಗ ಸಾಲವೂ ಆಯಿತೆಂದು ನಾನು ಮೊದಲಿಗೆ ಹೇಳಿದ್ದು ಇದನ್ನೇ. ಮನುಷ್ಯನ ದೊಡ್ಡ ಗುಣವೂ ಅವನ ದೌರ್ಬಲ್ಯವೂ ಒಂದೇ ಮನೆಯಲ್ಲಿ ವಾಸಿಸುತ್ತವೆ.

ಅಲ್ಲಿಗೂ ಮುಗಿಯಲಿಲ್ಲ. ೨೦೧೭ರ ಡಿಸೆಂಬರಿನಲ್ಲಿ, ನಲವತ್ತೆಂಟು ತುಂಬಿದ ಮೇಲೆ, ರಿಯಾಧ್ ನಗರದಲ್ಲಿ ವಿಶ್ವ ವೇಗದಾಟದ ಪಂದ್ಯಾವಳಿಗೆ ಹೋದರು. ಮೊಮ್ಮಕ್ಕಳ ಓರಗೆಯವರೆನ್ನದಿದ್ದರೂ ಮಕ್ಕಳ ಓರಗೆಯವರೇ ತುಂಬಿದ್ದ ಆ ಸಭೆಯಲ್ಲಿ ಕಾರ್ಲ್‌ಸನ್ನನನ್ನು ಒಂದು ಆಟದಲ್ಲಿ ಸೋಲಿಸಿ, ಕೊನೆಗೆ ಚಾಂಪಿಯನ್ ಆಗಿಯೇ ಎದ್ದರು.

ಇಷ್ಟು ಅವರ ಆಟದ ಕಥೆ. ಆದರೆ ಕುಂದಗೋಳದವನಾಗಿ ನನಗೆ ಎಲ್ಲಕ್ಕಿಂತ ಹೆಚ್ಚು ಮನಸ್ಸಿಗೆ ಹಿಡಿಯುವುದು ಇದರ ಮುಂದಿನ ಅಧ್ಯಾಯ. ನಮ್ಮ ಊರಿಗೆ ಹೆಸರು ಬಂದದ್ದು ಹೇಗೆ? ಸವಾಯಿ ಗಂಧರ್ವರು ದೊಡ್ಡ ಗವಾಯಿಗಳಾಗಿದ್ದರು, ನಿಜ. ಅಬ್ದುಲ್ ಕರೀಂ ಖಾನರಿಂದ ಕಲಿತದ್ದನ್ನು ತಮ್ಮಲ್ಲೇ ಇಟ್ಟುಕೊಂಡಿದ್ದರೆ ೧೯೫೨ರಲ್ಲಿ ಅವರೊಡನೆ ಅದೂ ಹೋಗುತ್ತಿತ್ತು. ಗಂಗೂಬಾಯಿ ಹಾನಗಲ್ಲರು ಹುಬ್ಬಳ್ಳಿಯಿಂದ ರೈಲಿನಲ್ಲಿ ಬಂದು ಇಲ್ಲಿ ಪಾಠ ಹೇಳಿಸಿಕೊಂಡರು. ಭೀಮಸೇನ ಜೋಶಿಯವರು ೧೯೩೬ರಲ್ಲಿ ಬಂದು ಗುರುವಿನ ಮನೆಯಲ್ಲೇ ಇದ್ದು ಕಲಿತರು. ವಿದ್ಯೆ ಕೈಯಿಂದ ಕೈಗೆ ದಾಟಿತು. ಅದಕ್ಕೇ ಊರು ಉಳಿಯಿತು.

ಆನಂದರಿಗೆ ಅಂಥ ಗುರು ದೊರೆತಿರಲಿಲ್ಲ. ಗ್ರ್ಯಾಂಡ್‌ಮಾಸ್ಟರನೇ ಇಲ್ಲದ ದೇಶದಲ್ಲಿ ಗ್ರ್ಯಾಂಡ್‌ಮಾಸ್ಟರ್ ಗುರು ಎಲ್ಲಿಂದ ಬರಬೇಕು? ತಾಯಿ, ಕ್ಲಬ್ಬು, ಪುಸ್ತಕ ಇವೇ ಅವರ ಗುರುಗಳು. ತಮಗೆ ಸಿಗದಿದ್ದುದನ್ನು ಅವರು ಮುಂದಿನವರಿಗೆ ಕೊಟ್ಟರು. ೨೦೨೦ರ ಕೊನೆಯಲ್ಲಿ, ಐವತ್ತು ದಾಟಿದ ಮೇಲೆ, ಒಂದು ಅಕಾಡೆಮಿಯನ್ನು ತೆರೆದು ಎಳೆಯ ಆಟಗಾರರನ್ನು ಆರಿಸಿ ಹತ್ತಿರ ಕೂಡಿಸಿಕೊಂಡರು. ಪ್ರಜ್ಞಾನಂದ, ನಿಹಾಲ್ ಸರೀನ್, ವೈಶಾಲಿ, ಗುಕೇಶ್ ಮೊದಲಾದವರು ಆ ನೆರಳಿನಲ್ಲಿ ಬೆಳೆದರು. ೧೯೮೬ರಿಂದ ಮೂವತ್ತೇಳು ವರ್ಷ ಭಾರತದ ಶ್ರೇಣಿಯಲ್ಲಿ ಮೊದಲ ಹೆಸರು ಆನಂದರದೇ ಆಗಿತ್ತು. ೨೦೨೩ರ ಸೆಪ್ಟೆಂಬರಿನಲ್ಲಿ ಅವರನ್ನು ಆ ಸ್ಥಾನದಿಂದ ಇಳಿಸಿದವನು ಯಾರು? ಅದೇ ಗುಕೇಶ್. ಮರುವರ್ಷ ಬುಡಾಪೆಸ್ಟ್ ಒಲಿಂಪಿಯಾಡಿನಲ್ಲಿ ಭಾರತದ ಗಂಡಸರ ತಂಡ, ಹೆಂಗಸರ ತಂಡ ಎರಡೂ ಚಿನ್ನ ಗೆದ್ದವು. ೨೦೨೪ರ ಡಿಸೆಂಬರ್ ೧೨ರಂದು ಸಿಂಗಪುರದಲ್ಲಿ ಚೀನದ ಡಿಂಗ್ ಲಿರೆನ್‌ನನ್ನು ಸೋಲಿಸಿ ಹದಿನೆಂಟರ ಗುಕೇಶ್ ವಿಶ್ವ ಚಾಂಪಿಯನ್ ಆದ. ಶಿಷ್ಯನಿಂದ ಸೋಲುವುದನ್ನು ನಮ್ಮ ಹಿರಿಯರು ಭಾಗ್ಯವೆಂದು ಎಣಿಸಿದ್ದಾರೆ. ಐದು ಸಲ ಗೆದ್ದವರಿಗೆ ಈ ಸೋಲೇ ಆರನೆಯ ಗೆಲುವು.

ನಮ್ಮ ಕರ್ನಾಟಕದ ಮಾತನ್ನೂ ಹೇಳದೆ ಮುಗಿಸಲಾರೆ. ಇವತ್ತು ಭಾರತದಲ್ಲಿ ಗ್ರ್ಯಾಂಡ್‌ಮಾಸ್ಟರುಗಳು ಎಂಬತ್ತಕ್ಕೂ ಹೆಚ್ಚು. ಕನ್ನಡ ನಾಡಿಗೆ ಮೊದಲ ಗ್ರ್ಯಾಂಡ್‌ಮಾಸ್ಟರ್ ದೊರೆತದ್ದು ೨೦೧೭ರಲ್ಲಿ. ಅವರು ಮೈಸೂರಿನ ಎಂ. ಎಸ್. ತೇಜಕುಮಾರ್, ನಮ್ಮ ಹುಬ್ಬಳ್ಳಿಯಲ್ಲಿ ಕೇಂದ್ರ ಕಚೇರಿಯುಳ್ಳ ನೈಋತ್ಯ ರೈಲ್ವೆಯ ನೌಕರರು. ಅವರಿಗೆ ಈ ಬಿರುದು ಸಂದದ್ದು ಹದಿನೆಂಟರಲ್ಲಲ್ಲ, ಮೂವತ್ತೈದು ದಾಟಿದ ಮೇಲೆ. ನೌಕರಿ ಮಾಡುತ್ತ, ರಜೆ ಹಾಕಿ ಪಂದ್ಯಗಳಿಗೆ ಹೋಗುತ್ತ ಪಡೆದದ್ದು. ಅವರ ನಂತರ ಸ್ಟ್ಯಾನಿ, ಗಿರೀಶ ಕೌಶಿಕ್ ಮೊದಲಾದವರು ಅದೇ ದಾರಿ ಹಿಡಿದರು. ಮೊದಲನೆಯವನು ತಡವಾಗಿ ಬಂದರೂ ಚಿಂತೆಯಿಲ್ಲ. ಅವನು ತೆರೆದ ಬಾಗಿಲಲ್ಲಿ ಮುಂದಿನವರು ಬೇಗ ಬರುತ್ತಾರೆ.

ನಮ್ಮ ಮನೆಗಳ ತಾಯಿ-ತಂದೆಯರಿಗೆ ಒಂದು ಮಾತು. ಈ ಆಟಕ್ಕೆ ಬಯಲು ಬೇಡ, ಬ್ಯಾಟು-ಬೂಟು ಬೇಡ. ಒಂದು ಹಾಸು, ಮೂವತ್ತೆರಡು ಕಾಯಿ, ಎದುರಿಗೆ ಒಬ್ಬ ಜೊತೆಗಾರ ಇದ್ದರೆ ಸಾಕು. ಬೇಕಾದದ್ದು ಇನ್ನೊಂದು: ಮಗು ಸೋತು ಎದ್ದಾಗ ಹಿರಿಯರು ಏನನ್ನುತ್ತಾರೆ ಎಂಬುದು. ಪರೀಕ್ಷೆಯ ಅಂಕ ಒಂದೆರಡು ಕಡಿಮೆಯಾದರೆ ಮನೆಯೇ ಮುಳುಗಿದಂತೆ ಗದ್ದಲ ಮಾಡುವ ಕಾಲ ಇದು. ಸೋತ ಮಗುವನ್ನು ಬೈಯಬೇಡಿ. ಸುಮ್ಮನೆ ಸಮಾಧಾನವನ್ನೂ ಹೇಳಬೇಡಿ. ಆಡಿದ ಆಟವನ್ನು ಇನ್ನೊಮ್ಮೆ ಹಾಸಿನ ಮೇಲೆ ಹೂಡಿಸಿ, ಎಲ್ಲಿ ದಾರಿ ತಪ್ಪಿತೋ ಅದನ್ನು ಅದೇ ಹುಡುಕಲಿ. ದೊಡ್ಡ ಆಟಗಾರರೆಲ್ಲ ಆಟ ಮುಗಿದ ಮೇಲೆ ಎದುರಾಳಿಯ ಜೊತೆಯಲ್ಲೇ ಕುಳಿತು ಹೀಗೆ ನೋಡುವುದುಂಟು. ಗೆದ್ದವನೂ ಸೋತವನೂ ಕೂಡಿ ತಪ್ಪು ಹುಡುಕುವ ಇಂಥ ಸಂಪ್ರದಾಯ ಬೇರೆ ಆಟಗಳಲ್ಲಿ ಅಪರೂಪ.

ಎಲ್ಲ ಮಕ್ಕ‌ಳೂ ಆನಂದರಾಗಲಾರರು, ಆಗಬೇಕಾಗಿಯೂ ಇಲ್ಲ. ಸವಾಯಿ ಗಂಧರ್ವರ ಊರಿನಲ್ಲಿ ಹುಟ್ಟಿದವರೆಲ್ಲ ಗವಾಯಿಗಳಾಗಿಲ್ಲ. ಆದರೆ ಒಳ್ಳೆಯ ಸಂಗೀತವನ್ನು ಕೂತು ಕೇಳುವ ಕಿವಿ ಈ ಊರಿಗೆ ಬಂದಿದೆ. ಹಾಗೆಯೇ ಈ ಆಟ ಕಲಿತ ಮಗುವಿಗೆ ಪಟ್ಟ ಬಾರದಿದ್ದರೂ, ನಡೆಯುವ ಮುಂಚೆ ಯೋಚಿಸುವ ಅಭ್ಯಾಸ ಬಂದೀತು. ಸೋತ ಮೇಲೆ ಕಾಯಿಗಳನ್ನು ಮತ್ತೆ ಜೋಡಿಸಿಡುವ ಅಭ್ಯಾಸವೂ ಬಂದೀತು. ಅದು ಬಂದರೆ ಬುದ್ಧಿಬಳ ಎಂಬ ಹೆಸರು ಸಾರ್ಥಕ.